ಎರಡು ಹತ್ತಿ ಕೂಡಿದರೆ ಒಂದೇ ಪ್ರಭೇದವೇ?

ಓದುಗರ ಪತ್ರ: ಕೂಡಿ ಹುಟ್ಟಿದ ಮರಿಗಳಿಗೂ ಮುಂದೆ ಮರಿಗಳಾದರೆ ಮಾತ್ರ ಅವು ಒಂದೇ ಪ್ರಭೇದ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಪ್ಪನ ಕಾಲದಲ್ಲಿ ನಾವು ಡಿಸಿಎಚ್ ಎಂಬ ಹೈಬ್ರಿಡ್ ಹತ್ತಿ ಬೆಳೆದಿದ್ದೇವೆ. ಅದರ ತಂದೆ-ತಾಯಿ ಬೇರೆ ಬೇರೆ ಪ್ರಭೇದವಂತೆ. ಆದರೂ ಗಿಡದ ತುಂಬ ಕಾಯಿ ಕಟ್ಟುತ್ತಿತ್ತು. ಇದು ಹೇಗೆ? ಹೊಸ ಪ್ರಭೇದ ಹುಟ್ಟಿದ್ದನ್ನು ಕಂಡವರಾದರೂ ಯಾರು?
– ಓದುಗರು, ಕುಷ್ಟಗಿ ತಾಲೂಕು, ಕೊಪ್ಪಳ ಜಿಲ್ಲೆ

ಸಂಪಾದಕರ ಉತ್ತರ: ಪ್ರಿಯರೇ, ಜೀವವಿಜ್ಞಾನಿಗಳು ಇಂದಿಗೂ ವಾದ ಮಾಡುವ ಜಾಗಕ್ಕೇ ನೀವು ಕೈ ಹಾಕಿದ್ದೀರಿ. ಆ ವ್ಯಾಖ್ಯೆಯನ್ನು 1942ರಲ್ಲಿ ಗಟ್ಟಿಯಾಗಿ ಮಂಡಿಸಿದವರು ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್. ಪ್ರಾಣಿ-ಪಕ್ಷಿಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಕೂಡುವುದೇ ಇಲ್ಲದ ಬ್ಯಾಕ್ಟೀರಿಯಾಗಳಿಗೆ ಕೆಲಸಕ್ಕೇ ಬರಲ್ಲ, ಅಲ್ಲಿ ಡಿಎನ್ಎ ನೋಡಿಯೇ ವಿಂಗಡಿಸಬೇಕು. ಗಿಡಗಳದ್ದು ಇವೆರಡರ ನಡುವಿನ ಕಥೆ.

ನಿಮ್ಮ ಕಡೆ ಬೀಜದ ಹೊಲದಲ್ಲಿ ಕ್ರಾಸಿಂಗ್ ನೋಡಿಯೇ ಇರುತ್ತೀರಿ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ತಂದೆ ತಳಿಯ ಹೂವನ್ನು ತಂದು ಸವರುತ್ತಾರೆ. ಡಿಸಿಎಚ್‌ಗೆ ತಾಯಿ ಅಮೆರಿಕನ್ ಹತ್ತಿ ಹಿರ್ಸುಟಮ್, ತಂದೆ ಉದ್ದ ಎಳೆಯ ಬಾರ್ಬಡೆನ್ಸ್. ಎರಡರಲ್ಲೂ 52 ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ವಂಶಗುಣ ಹೊತ್ತ ಎಳೆಗಳು. ಹಾಗಾಗಿ ಮೊದಲ ಬೆಳೆ ಹುಲುಸಾಗಿಯೇ ಬರುತ್ತದೆ. ಆದರೆ ಅದರ ಬೀಜ ಎತ್ತಿಟ್ಟು ಬಿತ್ತಿದರೆ ಗಿಡ ಒಂದರಂತೆ ಒಂದಿರಲ್ಲ, ಎಷ್ಟೋ ಸೊರಗಿ ನಿಲ್ಲುತ್ತವೆ. ತಡೆ ಇದೆ. ಒಂದು ತಲೆಮಾರು ತಡವಾಗಿ ಕಾಣುತ್ತದೆ, ಅಷ್ಟೇ.

ಜಯಧರ್‌ನಂಥ ಜವಾರಿ ಹತ್ತಿಗೆ ಇರುವುದು 26 ಕ್ರೋಮೋಸೋಮ್. ಅದನ್ನು ಅಮೆರಿಕನ್ ಹತ್ತಿಗೆ ಕ್ರಾಸ್ ಮಾಡಿದರೆ ಕಾಯಿ ನಿಲ್ಲುವುದೇ ಕಷ್ಟ. ನಿಂತು ಗಿಡವಾದರೂ ಅದಕ್ಕೆ 39 ಬರುತ್ತದೆ. ಜೋಡಿ ಸರಿಹೋಗದೆ ಗಿಡ ಗೊಡ್ಡಾಗುತ್ತದೆ. ಪ್ರಭೇದಗಳ ನಡುವಿನ ಗಡಿ ನಿಧಾನವಾಗಿ ಗಟ್ಟಿಯಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಹಿರ್ಸುಟಮ್-ಬಾರ್ಬಡೆನ್ಸ್ ನಡುವೆ ಅದು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ.

ಹೊಸ ಪ್ರಭೇದ ಹುಟ್ಟುವ ಮಾಮೂಲಿ ದಾರಿ ಗೊತ್ತೇ ಇದೆ. ಬೆಟ್ಟವೋ ಸಮುದ್ರವೋ ಅಡ್ಡ ಬಂದು ಒಂದೇ ಗುಂಪು ಎರಡಾಗುತ್ತದೆ. ಎರಡೂ ಕಡೆ ಬೇರೆ ಬೇರೆ ಬದಲಾವಣೆ ಕೂಡಿ ಕೂಡಿ, ಕೊನೆಗೆ ಎದುರಾದರೂ ಬೆರೆಯದಂತಾಗುತ್ತವೆ. ಆದರೆ 52ರ ಹತ್ತಿ ಹುಟ್ಟಿದ್ದು ಹೀಗಲ್ಲ. ಸುಮಾರು 10-20 ಲಕ್ಷ ವರ್ಷಗಳ ಹಿಂದೆ, ನಮ್ಮ ಜವಾರಿ ಹತ್ತಿಯ ಸಂಬಂಧಿಯೊಂದು ಅಮೆರಿಕದ ಕಾಡು ಹತ್ತಿಯೊಂದಿಗೆ ಕೂಡಿತು. ಕ್ರೋಮೋಸೋಮ್ ದುಪ್ಪಟ್ಟಾಗಿ 26 ಮತ್ತು 26 ಸೇರಿ 52 ಆಯಿತು. ಇಂದು ರಾಯಚೂರು ಮಾರುಕಟ್ಟೆಗೆ ಬರುವ ಅಮೆರಿಕನ್ ಹತ್ತಿಯ ಒಳಗೂ ಜವಾರಿ ಬಳಗದ ಪಾಲಿದೆ!

ಇನ್ನು ಕಂಡವರು ಯಾರು ಎಂದು ಕೇಳಿದ್ದೀರಿ. ಯುರೋಪಿನ ಟ್ರಾಗೊಪೋಗನ್ ಎಂಬ ಗಿಡದ ಮೂರು ಪ್ರಭೇದಗಳು 1900ರ ನಂತರ ಅಮೆರಿಕದ ವಾಷಿಂಗ್ಟನ್-ಐಡಾಹೊ ಸೀಮೆ ಸೇರಿ ಪರಸ್ಪರ ಕೂಡಿದವು. 1950ರಲ್ಲಿ ಸಸ್ಯವಿಜ್ಞಾನಿ ಮೇರಿಯನ್ ಓನ್‌ಬೀ ಅಲ್ಲೇ ಎರಡು ಹೊಸ ಪ್ರಭೇದ ಗುರುತಿಸಿದರು. ಮೂಲ ಗಿಡಕ್ಕೆ 12 ಕ್ರೋಮೋಸೋಮ್, ಇವಕ್ಕೆ 24. ತಮ್ಮೊಳಗೆ ಬೀಜ ಕಟ್ಟಿಕೊಂಡು ರಸ್ತೆ ಬದಿಯಲ್ಲಿ ಬೆಳೆಯುತ್ತಿದ್ದವು. ಆಗ ಅವು ಹುಟ್ಟಿ ಐವತ್ತು ವರ್ಷವೂ ಆಗಿರಲಿಲ್ಲ.