ಮೆಟ್ಟಿಲು ಹತ್ತಿ ಯಾರು ಬರ್ತಾರೆ?

ಪ್ರಶ್ನೆ: ಬಿ.ಎಂ. ರಸ್ತೆಯಲ್ಲಿ ಒಂದು ಹಳೇ ಕಾಂಪ್ಲೆಕ್ಸ್ ಇದೆ. ಕೆಳಗಡೆ ವರ್ಷಕ್ಕೊಂದು ಬೋರ್ಡು ಬದಲಾಗುತ್ತದೆ, ಮೇಲೆ ಅರ್ಧ ಷಟರ್ ಯಾವಾಗಲೂ ಮುಚ್ಚಿರುತ್ತವೆ. ಮೇಲಿನ ಮಹಡಿಯ ಬಾಡಿಗೆ ಕಮ್ಮಿ. ಅಲ್ಲೊಂದು ರೆಡಿಮೇಡ್ ಬಟ್ಟೆ ಅಂಗಡಿ ಹಾಕಲಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಬಾಡಿಗೆ ಕಮ್ಮಿ ಯಾಕಿದೆ ಅಂತ ಆ ಮೆಟ್ಟಿಲನ್ನೇ ಒಂದು ಸಲ ನೋಡಿ. ಪಕ್ಕದ ಸಂದಿಯಲ್ಲಿರುತ್ತದೆ, ಲೈಟು ಉರಿಯುವುದಿಲ್ಲ, ತಿರುವಿನ ಮೂಲೆಯಲ್ಲಿ ಎಲೆ ಅಡಿಕೆ ಉಗಿದಿರುತ್ತಾರೆ. ಸೀರೆ ಕೊಳ್ಳಲು ಬಂದ ಮನೆಯವರು ಯಾಕೆ ಹತ್ತಿಯಾರು? ಹತ್ತುವವರು ಯಾರೆಂದರೆ, ಮನೆಯಿಂದಲೇ ಹುಡುಕಿಕೊಂಡು ಬಂದವರು. ವಕೀಲರು, ಆಡಿಟರು, ಹಲ್ಲಿನ ಡಾಕ್ಟರು, ಟ್ಯೂಷನ್, ಜಿಮ್. ಇವರಿಗೆಲ್ಲ ಮೇಲಿನ ಮಹಡಿ ನಡೆಯುತ್ತದೆ. ಬಟ್ಟೆಯಂಥದ್ದು ದಾರಿಯಲ್ಲಿ ಹೋಗುವಾಗ ಕಣ್ಣಿಗೆ ಬಿದ್ದರೆ ತಾನೇ ಒಳಗೆ ಬರೋದು?

ದೊಡ್ಡ ಮಾಲಿನವರಿಗೂ ಇದೇ ತಲೆನೋವು, ಅದಕ್ಕೇ ಸಿನಿಮಾ ಮತ್ತು ಫುಡ್ ಕೋರ್ಟನ್ನು ತುತ್ತತುದಿಗೆ ಹಾಕುತ್ತಾರೆ, ಜನ ಮೇಲೆ ಹೋಗುವಾಗ ಒಂದಿಷ್ಟು, ಇಳಿಯುವಾಗ ಒಂದಿಷ್ಟು ಅಂಗಡಿ ನೋಡಲಿ ಅಂತ. ಬೆಂಗಳೂರಿನ ಕೋರಮಂಗಲದಲ್ಲಿ 2004ರಲ್ಲಿ ಶುರುವಾದ ಫೋರಂ ಮಾಲ್ ನೋಡಿ. 11 ಪರದೆಯ ಪಿವಿಆರ್ ಜನರನ್ನು ಎಳೆಯುತ್ತಿತ್ತು. ಅಲ್ಲಿದ್ದ ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿ ಈಗಿಲ್ಲ, ಮಾಲಿನ ಹೆಸರೇ ಈಗ ನೆಕ್ಸಸ್. 2001ರಲ್ಲಿ ಹುಟ್ಟಿದ ಬಿಗ್ ಬಜಾರ್ ಒಂದು ಕಾಲಕ್ಕೆ ಎಷ್ಟೋ ಮಾಲುಗಳಿಗೆ ಆಧಾರವಾಗಿತ್ತು, 2022ರಲ್ಲಿ ಅದರ ಎಷ್ಟೋ ಮಳಿಗೆಗಳು ರಿಲಯನ್ಸ್ ಪಾಲಾದವು. ಅಷ್ಟು ದೊಡ್ಡವರದೇ ಹೀಗೆ, ಇನ್ನು ನಮ್ಮ ಹತ್ತಡಿ ಅಗಲದ ಮಳಿಗೆಗಳ ಪಾಡೇನು!

ನಾನು ಹಾಸನದಲ್ಲಿ ಓದುತ್ತಿದ್ದಾಗ ಇಂಥದ್ದೇ ಒಂದು ಕಾಂಪ್ಲೆಕ್ಸಿನ ಮೂಲೆ ಮಳಿಗೆಯಲ್ಲಿ ಬೇರೆ ಊರಿಗೆ ಫೋನ್ ಮಾಡುವ ಎಸ್‌ಟಿಡಿ ಬೂತ್ ಇತ್ತು. ರಾತ್ರಿ ಕಾಲು ದರ ಅಂತ ಊಟ ಮುಗಿಸಿ ಹೋಗಿ ಕ್ಯೂ ನಿಲ್ಲುತ್ತಿದ್ದೆವು. ಮೀಟರಿನ ಕೆಂಪು ಅಂಕಿ ಓಡುತ್ತಿದ್ದರೆ ಅಮ್ಮನ ಮಾತು ಅರ್ಧ ಕಿವಿಗೆ ಹೋಗುತ್ತಿರಲಿಲ್ಲ. ಆಮೇಲೆ ಅದೇ ಜಾಗ ಸೈಬರ್ ಆಯಿತು. ಪ್ಲೈವುಡ್ ಗೂಡು, ಗಂಟೆ ಲೆಕ್ಕ, ಪಿಯುಸಿ ರಿಸಲ್ಟಿನ ದಿನ ರಸ್ತೆಯವರೆಗೂ ಹುಡುಗರು. ಫೋನಿನಲ್ಲೇ ಇಂಟರ್ನೆಟ್ ಬಂತು, ಗೂಡು ಕಿತ್ತರು, ರೀಚಾರ್ಜ್ ಅಂಗಡಿ ಇಟ್ಟರು. ರೀಚಾರ್ಜೂ ಫೋನಿನಲ್ಲೇ ಆಗತೊಡಗಿದ ಮೇಲೆ ಅದೂ ಹೋಯಿತು. ಈಗ ಅಲ್ಲಿ ಮೊಮೊ ಮಾರುತ್ತಾರೆ. ಅಷ್ಟೂ ವರ್ಷ ಅಲ್ಲಾಡದೆ ಕೂತಿರುವವನು ಮೆಟ್ಟಿಲ ಕೆಳಗಿನ ಝೆರಾಕ್ಸಿನವನು ಮಾತ್ರ. ಆಧಾರ್ ಕಾಪಿ ಕೇಳುವವರು ಇರುವ ತನಕ ಅವನಿಗೇನೂ ಭಯವಿಲ್ಲ.

ಹಾಸನಾಂಬೆಯ ಬಾಗಿಲು ತೆರೆದಾಗ ಬರುವ ಜನ ನೋಡಿ ಲೆಕ್ಕ ಹಾಕಬೇಡಿ. ಅವರು ಕ್ಯೂ ನಿಂತು, ದರ್ಶನ ಮಾಡಿ, ಬಸ್ ಹತ್ತುತ್ತಾರೆ. ಯಾವುದಾದರೂ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಆ ಕಾಂಪ್ಲೆಕ್ಸಿನ ಮುಂದೆ ಒಂದು ಗಂಟೆ ಸುಮ್ನೆ ನಿಂತು, ಎಷ್ಟು ಜನ ಹತ್ತಿದರು ಅಂತ ಎಣಿಸಿ.

ಪ್ರಶ್ನೆ: ಮಳಿಗೆ ಮಾಲೀಕರು 11 ತಿಂಗಳಿಗೇ ಅಗ್ರಿಮೆಂಟ್ ಮಾಡೋಣ ಅಂತಾರೆ. ಯಾಕೆ?
– ಓದುಗರು, ಅರಸೀಕೆರೆ

ಉತ್ತರ: ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಓಡಾಟ ತಪ್ಪಲಿ ಅಂತ 11. ಟೀ ಅಂಗಡಿಗೆ ಪರವಾಗಿಲ್ಲ. ರ್‍ಯಾಕು, ಗಾಜು, ಫಾಲ್ಸ್ ಸೀಲಿಂಗ್ ಅಂತ ಲಕ್ಷಗಟ್ಟಲೆ ಸುರಿಯುವುದಿದ್ದರೆ ಖರ್ಚಾದರೂ ಸರಿ, ಐದು ವರ್ಷದ್ದು ರಿಜಿಸ್ಟರ್ ಮಾಡಿಸಿ, ಬಾಡಿಗೆ ಎಷ್ಟು ಏರಬೇಕು ಅನ್ನೋದನ್ನೂ ಅದರಲ್ಲೇ ಬರೆಸಿ. ಇಲ್ಲದಿದ್ದರೆ ವ್ಯಾಪಾರ ಕುದುರಿದ ತಿಂಗಳೇ ಮಾಲೀಕರ ಭಾವಮೈದನಿಗೆ ಆ ಮಳಿಗೆ ಬೇಕಾಗುತ್ತದೆ.

ಪ್ರಶ್ನೆ: ಹಾಸನದವರು ಮಾಲ್ ಸುತ್ತೋದು ಯಾವಾಗ ಸಾರ್?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಭಾನುವಾರ ಬೆಂಗಳೂರಿನ ಯಾವುದಾದರೂ ಮಾಲಿಗೆ ಹೋಗಿ ನೋಡಪ್ಪ, ಅರ್ಧ ಹಾಸನ ಅಲ್ಲೇ ಸಿಗುತ್ತೆ.