'ದ ಬ್ಲಾಕ್' ನೋಡಿ, ಅದನ್ನು ನಂಬಿ ಮನೆ ಕೊಳ್ಳಬೇಡಿ

ಮೆಲ್ಬರ್ನ್‌ಗೆ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿ ಮುಗಿದಿಲ್ಲ, ಆಗಲೇ ಟಿವಿಯ ಮನೆ ನವೀಕರಣ ಸ್ಪರ್ಧೆ 'ದ ಬ್ಲಾಕ್' ಹುಚ್ಚು ಹಿಡಿದಿದೆ ಅಂತ ಬರೆದಿದ್ದೀರಿ. ಗಂಡ ಹೆಂಡತಿ ಸೇರಿ ಹಳೇ ಮನೆ ಸರಿಮಾಡಿ ಹರಾಜಿಗಿಟ್ಟರೆ ಅಷ್ಟು ದುಡ್ಡು ಬರುತ್ತದಲ್ಲ, ನಾವೂ ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ನೋಡಿ. ಮಾಡುವ ಯೋಚನೆ ಮಾತ್ರ ಸದ್ಯಕ್ಕೆ ಬೇಡ.

ನೈನ್ ಚಾನೆಲ್‌ನಲ್ಲಿ ಇದು ಶುರುವಾಗಿದ್ದು 2003ರಲ್ಲಿ, ಸಿಡ್ನಿಯ ಬಾಂಡೈನಲ್ಲಿ. ನಡುವೆ ನಿಂತು 2010ರಲ್ಲಿ ಮತ್ತೆ ಬಂತು, ಆಗಿನಿಂದ ಸ್ಕಾಟ್ ಕ್ಯಾಮ್ ನಿರೂಪಕರು. ಜೋಡಿಗೊಂದು ಮನೆ, ಹೆಚ್ಚುಕಡಿಮೆ ವಾರಕ್ಕೊಂದು ಕೋಣೆ. ಭಾನುವಾರ ತೀರ್ಪುಗಾರರು ಬಂದು ಬಾತ್‌ರೂಮಿನ ಮೂಲೆಯಲ್ಲಿ ಟೈಲ್ಸ್ ಸರಿಯಾಗಿ ಕೂಡಿದೆಯಾ ಅಂತ ಬಗ್ಗಿ ನೋಡುತ್ತಾರೆ, ಡ್ರಾಯರ್ ಎಳೆದು ನೋಡುತ್ತಾರೆ. ರಾತ್ರಿಯೆಲ್ಲ ಬಣ್ಣ ಬಳಿದ ಜೋಡಿ ಕಣ್ಣು ಕೆಂಪಗೆ ಮಾಡಿಕೊಂಡು ಅಂಕಕ್ಕೆ ಕಾಯುತ್ತಿರುತ್ತದೆ. ಚೆನ್ನಾಗಿರುತ್ತೆ, ಸುಳ್ಳು ಹೇಳಲ್ಲ.

ಆದರೆ ಆ ಮನೆ ಅವರದಲ್ಲ, ಕಾರ್ಯಕ್ರಮದವರು ಕೊಂಡದ್ದು. ಹರಾಜಿನಲ್ಲಿ ರಿಸರ್ವ್ ಬೆಲೆಯ (ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅಂತ ಮೊದಲೇ ಇಟ್ಟ ಬೆಲೆ) ಮೇಲೆ ಬಂದದ್ದು ಜೋಡಿಗೆ, ಗೆದ್ದವರಿಗೆ ಇನ್ನೊಂದು ಲಕ್ಷ ಡಾಲರ್. ಮನೆ ಮಾರಾಟವಾಗದಿದ್ದರೆ ಬರಿಗೈ, ಅಷ್ಟೇ. ಮನೆ ಸಾಲದ ಕಂತು ಅವರ ತಲೆ ಮೇಲಿಲ್ಲ. ನಿಮಗೆ ಇರುತ್ತೆ, ಅಲ್ವಾ?

ಅಷ್ಟಿದ್ದೂ ಅಲ್ಲೇ ಎಷ್ಟೋ ಮನೆ ಹರಾಜಿನಲ್ಲಿ ಮಾರಾಟವಾಗದೆ ಉಳಿದಿವೆ. 2011ರಲ್ಲಿ ರಿಚ್ಮಂಡ್‌ನ ನಾಲ್ಕು ಮನೆಗಳಲ್ಲಿ ಹರಾಜಿನ ದಿನ ಹೋಗಿದ್ದು ಒಂದೇ, ಅದೂ ರಿಸರ್ವ್‌ಗಿಂತ ಬರೀ 15,000 ಡಾಲರ್ ಜಾಸ್ತಿಗೆ. 2022ರ ಗಿಸ್ಬೋರ್ನ್ ಸೀಸನ್ ನೋಡಿ. ಓಮರ್, ಓಜ್ ಅನ್ನೋ ಗೆಳೆಯರಿಗೆ 15 ಲಕ್ಷ ಡಾಲರ್‌ಗೂ ಜಾಸ್ತಿ ಲಾಭ. ಅದೇ ದಿನ ಎರಡು ಮನೆಗೆ ರಿಸರ್ವ್ ಕೂಡ ಮುಟ್ಟಲಿಲ್ಲ. ಅದರಲ್ಲೊಂದು ಶರೋನ್, ಅಂಕುರ್ ಅವರದು. ನಮ್ಮವರು ಅಂತ ಇಲ್ಲಿನ ಭಾರತೀಯರೆಲ್ಲ ಉಸಿರು ಬಿಗಿಹಿಡಿದು ನೋಡಿದ್ದೆವು.

ಇನ್ನು ನಿಮ್ಮ ಲೆಕ್ಕ. ಮನೆ ಕೊಳ್ಳುವಾಗಲೇ ಸ್ಟ್ಯಾಂಪ್ ಡ್ಯೂಟಿ ದೊಡ್ಡ ಮೊತ್ತ ನುಂಗುತ್ತದೆ, ಆಮೇಲೆ ತಿಂಗಳು ತಿಂಗಳು ಬಡ್ಡಿ. ಊರಲ್ಲಿ ಸುಮ್ನೆ ಒಬ್ಬ ಮೇಸ್ತ್ರಿಯನ್ನು ಕರೆದು ಮುಗಿಸುತ್ತಿದ್ದೆವು. ಇಲ್ಲಿ ಗೋಡೆಯ ಪ್ಲಗ್ ಪಾಯಿಂಟ್ ಬದಲಿಸಲೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬೇಕು. ನೀವು ಊರಲ್ಲಿ ಎಂಜಿನಿಯರ್ ಆಗಿದ್ದರೂ ಕೈ ಹಾಕುವ ಹಾಗಿಲ್ಲ. 1990ಕ್ಕೆ ಮುಂಚಿನ ಮನೆಯಾದರೆ ಬಾತ್‌ರೂಮ್ ಗೋಡೆಯಲ್ಲೋ ಸೂರಿನಲ್ಲೋ ಆಸ್ಬೆಸ್ಟಾಸ್ ಇರಬಹುದು. ಸುತ್ತಿಗೆ ಎತ್ತುವ ಮೊದಲು ಪರೀಕ್ಷೆ ಮಾಡಿಸಬೇಕು. ಟಿವಿಯಲ್ಲಿ ಗೋಡೆ ಒಡೆಯುವುದು ನೋಡಿ ಉತ್ಸಾಹ ಬರುತ್ತೆ, ನಿಜ.

ಎಲ್ಲಕ್ಕಿಂತ ದೊಡ್ಡದು ವೀಸಾ. ತಾತ್ಕಾಲಿಕ ವೀಸಾದವರು ಹಳೇ ಮನೆ ಕೊಳ್ಳುವುದನ್ನು 2025ರ ಏಪ್ರಿಲ್‌ನಿಂದ ಸರ್ಕಾರ ತಡೆದಿದೆ. ಸಣ್ಣಪುಟ್ಟ ವಿನಾಯಿತಿ ಇವೆ. ನೀವು ಪಿಆರ್ (ಇಲ್ಲೇ ಕಾಯಂ ಆಗಿ ಇರುವ ಅನುಮತಿ) ಇಲ್ಲದೆ ಬಂದಿದ್ದರೆ ಮಾತು ಇಲ್ಲಿಗೇ ಮುಗಿಯಿತು. ಪಿಆರ್ ಇದ್ದರೂ ಅವಸರ ಬೇಡ.

ಅಷ್ಟರಲ್ಲಿ ಒಂದು ಕೆಲಸ ಮಾಡಿ. ಶನಿವಾರ ನಿಮ್ಮ ಏರಿಯಾದಲ್ಲಿ ಹರಾಜು ಎಲ್ಲಿದೆ ನೋಡಿಕೊಂಡು ಮನೆಯವರ ಜೊತೆ ಹೋಗಿ. ದುಡ್ಡೇನೂ ಇಲ್ಲ. ಮನೆ ಮುಂದೆ ಫುಟ್‌ಪಾತ್ ಮೇಲೆ ಹರಾಜು ಕೂಗುವವರು ನಿಂತಿರುತ್ತಾರೆ, ಅಕ್ಕಪಕ್ಕದವರು ಕಾಫಿ ಕಪ್, ನಾಯಿ ಸಮೇತ ಬಂದಿರುತ್ತಾರೆ. ಕೊಳ್ಳುವವರು ಯಾರು, ಸುಮ್ನೆ ನೋಡಲು ಬಂದವರು ಯಾರು ಅಂತ ಮುಖ ನೋಡಿಯೇ ಗೊತ್ತಾಗಲು ಶುರುವಾಗುತ್ತೆ. ಗೆದ್ದವರು ಅಲ್ಲೇ ಸಹಿ ಹಾಕಬೇಕು, ಸಾಮಾನ್ಯವಾಗಿ ಶೇ. 10 ಡಿಪಾಸಿಟ್. ವಿಕ್ಟೋರಿಯಾದಲ್ಲಿ ಹರಾಜಿನಲ್ಲಿ ಕೊಂಡರೆ ಮನಸ್ಸು ಬದಲಿಸುವ ಅವಕಾಶವೇ ಇಲ್ಲ, ಖಾಸಗಿ ಮಾರಾಟದಲ್ಲಾದರೆ ಮೂರು ಕೆಲಸದ ದಿನ ಸಿಗುತ್ತೆ. ಕಂಪ್ಯೂಟರ್ ಮುಂದೆ ಕೂತು ಬೆಲೆ ಹುಡುಕುವುದಕ್ಕಿಂತ ಇದು ವಾಸಿ.

ಆಫೀಸಿನಲ್ಲಿ ಎಲ್ಲರೂ ಇದನ್ನೇ ಮಾತಾಡುತ್ತಾರೆ ಅಂದಿರಲ್ಲ, ಅದಕ್ಕಾದರೂ ನೋಡಿ. ಸೋಮವಾರ ಬೆಳಿಗ್ಗೆ 'ಆ ಕಿಚನ್‌ಗೆ ಅಷ್ಟು ಕಡಿಮೆ ಅಂಕ ಯಾಕೆ ಕೊಟ್ಟರು?' ಅಂತ ಒಂದು ಮಾತು ಎತ್ತಿ. ಹರಟೆಗೆ ಸೇರಲು ಫುಟ್‌ಬಾಲ್ ಗೊತ್ತಿಲ್ಲದಿದ್ದರೂ ನಡೆಯುತ್ತೆ.