ಅತಿವಾಹಕ ಅಯಸ್ಕಾಂತ ‘ಕ್ವೆಂಚ್’ ಆದಾಗ ಸುಟ್ಟುಹೋಗದಂತೆ ಕಾಪಾಡುವುದು ಹೇಗೆ?

ಅಯಸ್ಕಾಂತದ ಸುರುಳಿಯ ಒಂದು ಚಿಕ್ಕ ಭಾಗ ಬಿಸಿಯಾಗಿ ಅತಿವಾಹಕತೆ (ರೋಧವೇ ಇಲ್ಲದೆ ವಿದ್ಯುತ್ ಹರಿಸುವ ಗುಣ) ಕಳೆದುಕೊಳ್ಳುವುದೇ ಕ್ವೆಂಚ್. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎಲ್‌ಎಚ್‌ಸಿ ಎಂಬ ಕಣ ವೇಗವರ್ಧಕದಲ್ಲಿ ಕಣಗಳ ದಾರಿ ಬಾಗಿಸುವ ಅಯಸ್ಕಾಂತವಾದ ಡೈಪೋಲನ್ನೇ ತೆಗೆದುಕೊಳ್ಳಿ: 1.9 ಕೆಲ್ವಿನ್, 8.33 ಟೆಸ್ಲಾ, ಸುಮಾರು 11,850 ಆಂಪಿಯರ್. ಅಷ್ಟು ತಣ್ಣಗಿರುವ ಲೋಹದ ಉಷ್ಣಧಾರಣೆ ತೀರಾ ಕಡಿಮೆ, ಚೂರು ಶಾಖಕ್ಕೂ ಅದು ಬಿಸಿಯಾಗುತ್ತದೆ. ತಂತಿ ಕೂದಲೆಳೆಯಷ್ಟು ಜರುಗಿದರೂ, ದಾರಿ ತಪ್ಪಿದ ಕಣಗಳು ಬಡಿದರೂ ಕ್ವೆಂಚ್ ಆಗಬಹುದು.

ನಿಜವಾದ ಅಪಾಯ ಕೂಡಿಟ್ಟ ಶಕ್ತಿಯದು. ಒಂದು ಡೈಪೋಲಿನಲ್ಲಿ ಸುಮಾರು 7 ಮೆಗಾಜೂಲ್ ಇರುತ್ತದೆ. ಅದೆಲ್ಲ ಒಂದೇ ಜಾಗದಲ್ಲಿ ಶಾಖವಾದರೆ ತಂತಿ ಕರಗಿಹೋಗುತ್ತದೆ. ಹಾಗಾಗಿ ಮಾಡುವ ಕೆಲಸ ಕೇಳಲು ವಿಚಿತ್ರ, ಆದರೆ ಬಲು ಜಾಣತನದ್ದು: ಉಳಿದ ಸುರುಳಿಯನ್ನೂ ಬೇಕೆಂದೇ ಕ್ವೆಂಚ್ ಮಾಡಿ ಶಾಖವನ್ನು ಹರಡುತ್ತಾರೆ. ಮೊದಲು ಕ್ವೆಂಚ್ ಆದದ್ದನ್ನು ಪತ್ತೆ ಹಚ್ಚಬೇಕು. ಅಯಸ್ಕಾಂತದ ಎರಡು ಅರ್ಧಗಳ ವೋಲ್ಟೇಜ್ ಹೋಲಿಸಿದಾಗ ಪ್ರೇರಿತ ವೋಲ್ಟೇಜ್ (ಕರೆಂಟ್ ಬದಲಾಗುವಾಗ ಸುರುಳಿಯಲ್ಲಿ ಹುಟ್ಟುವುದು) ಪರಸ್ಪರ ಕಳೆದುಹೋಗಿ, ರೋಧದಿಂದ ಬಂದದ್ದಷ್ಟೇ ಉಳಿಯುತ್ತದೆ. ಅದು 100 ಮಿಲಿವೋಲ್ಟ್ ದಾಟಿ 10 ಮಿಲಿಸೆಕೆಂಡ್ ನಿಂತರೆ, ಕೆಪಾಸಿಟರ್‌ಗಳು ಸುರುಳಿಗೆ ಅಂಟಿದ ಹೀಟರ್ ಪಟ್ಟಿಗಳಿಗೆ ವಿದ್ಯುತ್ ಸುರಿಯುತ್ತವೆ.

ಇಂಥ 154 ಡೈಪೋಲ್‌ಗಳನ್ನು ಒಂದರ ಹಿಂದೊಂದರಂತೆ ಒಂದೇ ಸಾಲಿನಲ್ಲಿ ಜೋಡಿಸಿರುತ್ತಾರೆ. ಉಳಿದವುಗಳ ಕರೆಂಟ್ ಕ್ವೆಂಚ್ ಆದದ್ದನ್ನು ಬಿಟ್ಟು, ಅದಕ್ಕೆ ಪಕ್ಕದಾರಿಯಾಗಿರುವ ಬೈಪಾಸ್ ಡಯೋಡ್ ಮೂಲಕ ಸಾಗುತ್ತದೆ. ಸಾಲಿನ ಶಕ್ತಿಯನ್ನು ದೊಡ್ಡ ರೋಧಕಗಳು ಹೀರುತ್ತವೆ. ಆಗ ಕರೆಂಟ್ ಇಳಿಯುವ ಕಾಲ ಸ್ಥಿರಾಂಕ (ಅದು ಮೂರರಲ್ಲೊಂದು ಪಾಲಿನಷ್ಟಕ್ಕೆ ಇಳಿಯಲು ಬೇಕಾಗುವ ಹೊತ್ತು) ಸುಮಾರು 100 ಸೆಕೆಂಡ್.

ಸುರುಳಿಯಷ್ಟೇ ಅಯಸ್ಕಾಂತಗಳ ನಡುವಿನ ಬೆಸುಗೆಯನ್ನೂ ಕಾಯಬೇಕು. 2008ರ ಸೆಪ್ಟೆಂಬರ್ 19ರಂದು ಎಲ್‌ಎಚ್‌ಸಿಯಲ್ಲಿ ನಡೆದ ಅವಘಡದಲ್ಲಿ ಕೆಟ್ಟದ್ದು ಅಂಥ ಒಂದು ಜೋಡಣೆ. ಅಲ್ಲಿ ಹೀಟರ್ ಇರಲಿಲ್ಲ, ರೋಧ ಹೆಚ್ಚಿದ್ದನ್ನು ಬೇಗ ಹಿಡಿಯುವ ವ್ಯವಸ್ಥೆಯೂ ಸಾಲದಾಗಿತ್ತು. ವಿದ್ಯುತ್ ಕಿಡಿ ಅಯಸ್ಕಾಂತಗಳನ್ನು ತಣ್ಣಗಿಡುವ ಹೀಲಿಯಂನ ಕವಚವನ್ನು ತೂತು ಮಾಡಿತು, ನುಗ್ಗಿದ ಅನಿಲದ ಒತ್ತಡಕ್ಕೆ ಅಯಸ್ಕಾಂತಗಳೇ ಜಾಗ ಬಿಟ್ಟು ಸರಿದವು.